ಹದಿನಾಲ್ಕನೇ ಡಬ್ಬಿ

ಮೆಣಸಿನಕಾಯಿ ಬಿಡಿಸುವ ಹೆಂಗಸರು ಹಗಲೆಲ್ಲ ಯಾಕೆ ಮೂತ್ರಕ್ಕೆ ಹೋಗುವುದಿಲ್ಲ ಎಂಬುದಕ್ಕೆ ನಾವು ಓದಿದ ಯಾವ ಪುಸ್ತಕದಲ್ಲೂ ಉತ್ತರವಿರಲಿಲ್ಲ. ಅದು ಸಿಕ್ಕಿದ್ದು ಶಿರವಾಳದ ಹತ್ತಿರದ ಒಂದು ಹೊಲದಲ್ಲಿ, ಮೊದಲ ದಿನ, ಮಧ್ಯಾಹ್ನ ಹನ್ನೆರಡೂವರೆಗೆ. ಇಪ್ಪತ್ನಾಲ್ಕು ಖಾಲಿ ಡಬ್ಬಿಗಳನ್ನು ಟ್ರೇಯಲ್ಲಿ ಜೋಡಿಸಿಕೊಂಡು ಬದುವಿನ ಮೇಲೆ ನಿಂತು ಎಲ್ಲರನ್ನೂ ಕರೆದೆ. ಒಬ್ಬರೂ ಏಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಕೊನೆಗೆ ಗುಂಪಿನ ಮುಂದಾಳು ಎದ್ದು ಬಂದು ತನ್ನ ಎರಡೂ ಅಂಗೈಗಳನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ಜರಾ ಮೂಸಿ ನೋಡ್ರಿ ಮೇಡಂ. ಈ ಕೈ ತಗೊಂಡು ಹೋಗಿ ಕುಂತ್ರ ಸಂಜೀತನ ಕುಣೀಬೇಕಾಗತೈತಿ."

ಘಾಟಿಗೆ ನನಗೆ ಎರಡು ಸೀನು ಬಂದವು. ಒಣಗಿದ ಕಾಯಿಯ ಪುಡಿ ಅವರ ಉಗುರಿನ ಸಂದಿಯಲ್ಲಿ, ಬಳೆಯ ಕೆಳಗೆ, ಸೆರಗಿನ ಅಂಚಿನಲ್ಲಿ ಎಲ್ಲ ಕಡೆ ಕೂತಿತ್ತು. ಆ ಕೈಯಿಂದ ಎಲ್ಲಿ ಮುಟ್ಟಿಕೊಂಡರೂ ಉರಿ. ಹಾಗಾಗಿ ಸಂಜೆ ಮನೆ ಸೇರುವವರೆಗೂ ತಡೆದುಕೊಳ್ಳುತ್ತಾರೆ, ತಡೆದುಕೊಳ್ಳಬೇಕಲ್ಲ ಎಂದು ನೀರನ್ನೂ ಕುಡಿಯುವುದಿಲ್ಲ. ಶಿವರಾತ್ರಿ ಆಗಲೇ ಕಳೆದಿತ್ತು. ನಮ್ಮ ಕಡೆ ಶಿವರಾತ್ರಿ ಕಳೆದ ಮೇಲೆ ಬಿಸಿಲಿಗೆ ಹೇಳುವವರು ಕೇಳುವವರು ಯಾರೂ ಇರುವುದಿಲ್ಲ.

ನಾವು ಹುಡುಕಿಕೊಂಡು ಬಂದದ್ದೇ ಅದನ್ನು. ಬೇರೆ ದೇಶಗಳ ಕಬ್ಬಿನ ಗದ್ದೆಗಳಲ್ಲಿ ದುಡಿಯುವವರ ಮೂತ್ರಪಿಂಡ ಕೆಡುತ್ತಿರುವುದನ್ನು ಕಂಡಿದ್ದ ಯುರೋಪಿನ ಒಂದು ವಿಶ್ವವಿದ್ಯಾಲಯದವರು ನಮ್ಮ ಕಡೆಯ ಒಂದು ವೈದ್ಯಕೀಯ ಕಾಲೇಜಿನ ಜೊತೆ ಸೇರಿ ಯಾದಗಿರಿ ಜಿಲ್ಲೆಯ ಕೃಷಿ ಕಾರ್ಮಿಕರ ಆರೋಗ್ಯ ನೋಡಲು ಹೊರಟಿದ್ದರು. ಸುಡುವ ಬಿಸಿಲು, ಮೈಮುರಿಯುವ ಕೆಲಸ, ಕಡಿಮೆ ನೀರು, ಈ ಮೂರೂ ಸೇರಿದರೆ ಮೂತ್ರಪಿಂಡಕ್ಕೆ ಏನಾಗುತ್ತದೆ ಎಂಬುದು ಪ್ರಶ್ನೆ. ಕೊಂಕಲ್ ಕಡೆ ಹತ್ತಿ ಬಿಡಿಸುವ ಒಂದು ಗುಂಪನ್ನು ಬೇರೆಯವರು ನೋಡಿಕೊಳ್ಳುತ್ತಿದ್ದರು. ಸುರಪುರದ ಹತ್ತಿರದ ಹಳ್ಳಿಯಿಂದ ದಿನಾ ಟಂಟಂ ಆಟೋ ಹತ್ತಿ ಶಿರವಾಳದ ಹೊಲಗಳಿಗೆ ಬರುತ್ತಿದ್ದ ಈ ಮೆಣಸಿನಕಾಯಿ ಗುಂಪು ನನ್ನ ಪಾಲಿಗೆ ಬಂದಿತ್ತು. ಶಹಾಪುರದಲ್ಲಿ ಒಂದು ಖೋಲಿ ಹಿಡಿದು ಪುಟ್ಟ ಲ್ಯಾಬ್ ಹೂಡಿಕೊಂಡಿದ್ದೆ. ಲ್ಯಾಬ್ ಕೆಲಸ ನನಗೆ ಹೊಸದಲ್ಲ. ಪಿಪೆಟ್ ಹಿಡಿದರೆ ನನ್ನ ಕೈ ನಡುಗುವುದಿಲ್ಲ. ಬಾಯಿ ಮಾತ್ರ ಸ್ವಲ್ಪ ಜೋರು.

ಖಾರ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಇದು ನಮ್ಮ ಅಡುಗೆಮನೆಯಲ್ಲೇ ಕಲಿಯುವ ವಿದ್ಯೆ. ಮುಂದಿನ ಸಲ ಒಂದು ಬಾಟಲಿ ಶೇಂಗಾ ಎಣ್ಣೆ, ಕಡಲೆ ಹಿಟ್ಟು, ಸಾಬೂನು, ಎರಡು ಕೊಡ ನೀರು ಒಯ್ದೆ. ಮೊದಲು ಎಣ್ಣೆ ತಿಕ್ಕಬೇಕು, ಆಮೇಲೆ ಹಿಟ್ಟು ಉಜ್ಜಬೇಕು, ಕೊನೆಗೆ ಸಾಬೂನು. ಜಾಲಿ ಗಿಡದ ಪಕ್ಕ ನಾಲ್ಕು ಗೂಟ ಹುಗಿದು ತಾಡಪತ್ರಿ ಸುತ್ತಿ ಮರೆ ಮಾಡಿದೆ. ಹೆಂಗಸರು ಸಾಲಾಗಿ ಕೈ ತೊಳೆದುಕೊಂಡು ಒಬ್ಬೊಬ್ಬರೇ ಒಳಗೆ ಹೋಗಿ ಬಂದರು. ನಾನು ಮಾಡಿದ್ದನ್ನೆಲ್ಲ ಬರೆದು ಕಳಿಸಿದಾಗ ಯುರೋಪಿನ ಆ ವಿಶ್ವವಿದ್ಯಾಲಯದ ಹಿರಿಯ ಸಂಶೋಧಕಿ ವಿಡಿಯೋ ಕರೆಯಲ್ಲಿ ಕನ್ನಡಕ ಸರಿಮಾಡಿಕೊಂಡು, "ಈ ಕಡಲೆ ಹಿಟ್ಟು ಅಂದರೇನು?" ಎಂದು ಕೇಳಿದರು. ಹದಿನೈದು ದಿನದಲ್ಲಿ ಅದು ಅಧ್ಯಯನದ ಕಾರ್ಯವಿಧಾನದ ಎರಡನೇ ಆವೃತ್ತಿಯಲ್ಲಿ ಅಚ್ಚಾಗಿ ಬಂತು. ಅದನ್ನು ನೋಡಿ ನನಗೆ ಒಂದು ಗೇಣು ಎತ್ತರ ಬೆಳೆದಂತಾಯಿತು.

ಕೆಲಸದ ಕ್ರಮ ಹೀಗಿತ್ತು. ಪ್ರತಿ ಬುಧವಾರ ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮುಂಚೆ ಒಂದು ಡಬ್ಬಿ, ಮಧ್ಯಾಹ್ನ ರೊಟ್ಟಿಗೆ ಮುಂಚೆ ಇನ್ನೊಂದು. ಎರಡೂ ಹೊತ್ತು ತಕ್ಕಡಿಯ ಮೇಲೆ ನಿಲ್ಲಿಸಿ ಎಷ್ಟು ತೂಕದ ಬೆವರು ಹೋಯಿತು ಎಂದು ಬರೆಯುವುದು. ಹೊಲದ ನಡುವೆ ಮೂರು ಕಾಲಿನ ಮೇಲೆ ಕರಿಯ ಗೋಳವಿರುವ ಶಾಖಮಾಪಕ ನಿಲ್ಲಿಸುವುದು. ಹೆಂಗಸರು ಅದಕ್ಕೆ ಕರೇ ಗಡಗಿ ಎಂದು ಹೆಸರಿಟ್ಟು, ಇವತ್ತು ಗಡಿಗೆಯಲ್ಲಿ ಏನು ಬೇಯುತ್ತಿದೆ ಎಂದು ನನ್ನನ್ನು ಛೇಡಿಸುತ್ತಿದ್ದರು. ನಂತರ ಮೂತ್ರದಲ್ಲಿ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ಬಣ್ಣ ನೋಡಿ, ಉಳಿದದ್ದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಬಸ್ಸು ಹತ್ತಿ, ಭೀಮಾ ನದಿ ದಾಟಿ ಯಾದಗಿರಿಯ ಪ್ರಯೋಗಾಲಯದ ಯಂತ್ರಕ್ಕೆ ಮುಟ್ಟಿಸುವುದು. ಪಟ್ಟಿ ಹಳದಿಯಾಗಿಯೇ ಉಳಿದರೆ ಒಳ್ಳೆಯದು. ಹಸಿರಿಗೆ ತಿರುಗಿದರೆ ಮೂತ್ರಪಿಂಡ ಪ್ರೋಟೀನು ಸೋರಿಸುತ್ತಿದೆ ಎಂದರ್ಥ. ಅಂಥವರ ರಕ್ತ ತೆಗೆದು ಪರೀಕ್ಷಿಸಬೇಕು.

ಹೆಸರು ಬರೆದುಕೊಂಡ ದಿನ ಗುಂಪಿನಲ್ಲಿ ಇಪ್ಪತ್ತೈದು ಮಂದಿ ಇದ್ದರು. ಆದರೆ ಮೊದಲೇ ಕಾಯಿಲೆ ಇದ್ದವರನ್ನು ಸೇರಿಸಿಕೊಳ್ಳಬಾರದು ಎಂಬ ನಿಯಮವಿತ್ತು. ಅಂಥವರು ಸೇರಿದರೆ ಕೆಡಿಸಿದ್ದು ಬಿಸಿಲೋ ಹಳೆಯ ರೋಗವೋ ತಿಳಿಯುವುದಿಲ್ಲ. "ನನಗ ಬಿ.ಪಿ. ಐತ್ರಿ, ಗುಳಿಗಿ ತಗೊಂತೀನಿ" ಎಂದು ನಿಜ ಹೇಳಿದ ಒಬ್ಬ ಹಿರಿಯಳನ್ನು ಬಿಟ್ಟೆ. ಗುಂಪೆಲ್ಲ ಆಕೆಯನ್ನು ದೊಡ್ಡಕ್ಕ ಎನ್ನುತ್ತಿತ್ತು. ಆಕೆ ಹೋಗಿ ಸಾಲು ಹಿಡಿದು ಕಾಯಿ ಬಿಡಿಸತೊಡಗಿದಳು. ಉಳಿದ ಇಪ್ಪತ್ನಾಲ್ಕು ಮಂದಿಗೆ ನಂಬರು ಕೊಟ್ಟು ನಾನು ಕೂಗಿ ಹೇಳಿದೆ:

"ನೋಡ್ರಿ, ಒಂದ ಡಬ್ಬಿನೂ ಖಾಲಿ ಬರಬಾರ್ದು. ಒಂದು ತಪ್ಪಿತಂದ್ರ ಎಲ್ಲಾರದೂ ಕೆಡತೈತಿ."

ಕೈ ತೊಳೆಯುವ ವ್ಯವಸ್ಥೆ ಆದ ಮೇಲೆ ಒಂದೂ ತಪ್ಪಲಿಲ್ಲ. ಕೊಂಕಲ್ ಗುಂಪಿನಲ್ಲಿ ಪ್ರತಿ ವಾರ ನಾಲ್ಕೈದು ಡಬ್ಬಿ ಖಾಲಿ ಬರುತ್ತಿದ್ದವು. ನನ್ನ ಟ್ರೇ ಪ್ರತಿ ಬುಧವಾರ ತುಂಬಿಯೇ ಬರುತ್ತಿತ್ತು. ಸಭೆಗಳಲ್ಲಿ ಇದನ್ನು ಎರಡು ಸಲವಾದರೂ ಹೇಳಿಕೊಂಡಿದ್ದೇನೆ.

ಮೂರನೇ ಬುಧವಾರ ಹದಿನಾಲ್ಕನೇ ಡಬ್ಬಿಯ ಪಟ್ಟಿ ಕಡು ಹಸಿರಾಯಿತು. ಬೆಳಗಿನದೂ ಹಾಗೇ, ಮಧ್ಯಾಹ್ನದ್ದೂ ಹಾಗೇ. ಯಾದಗಿರಿಯ ಯಂತ್ರವೂ ಅದನ್ನೇ ಹೇಳಿತು. ಸಣ್ಣ ಸೋರಿಕೆಯಲ್ಲ, ವರ್ಷಗಟ್ಟಲೆ ಯಾರೂ ನೋಡದೆ ಬಿಟ್ಟ ಮೂತ್ರಪಿಂಡದ ಸೋರಿಕೆ. ಹದಿನಾಲ್ಕನೆಯವಳು ಹಿಂದಿನ ವರ್ಷವಷ್ಟೇ ಮದುವೆಯಾಗಿ ಬಂದ ಸೊಸೆ. ಕಾರಣ ಹೇಳದೆ ಕರೆಸಿದಾಗ ಅವಳ ತುಟಿ ಒಣಗಿತ್ತು.

"ನನಗೇನಾಗೇತ್ರಿ ಅಕ್ಕಾರ? ನಮ್ಮ ಅತ್ತಿ ಮುಂದ ಹೇಳಬ್ಯಾಡ್ರಿ."

ರಕ್ತ ತೆಗೆದೆ. ಹೊಸದಾಗಿ ಮೂತ್ರವನ್ನೂ ತೆಗೆದುಕೊಂಡೆ. ಎರಡೂ ಸ್ವಚ್ಛ. ಫಲಿತಾಂಶ ಬರುವ ಎರಡು ದಿನ ಆ ಹುಡುಗಿ ನೆಟ್ಟಗೆ ಊಟ ಮಾಡಲಿಲ್ಲ ಎಂದು ಆಮೇಲೆ ತಿಳಿದು ನನಗೆ ಬಹಳ ಕೆಟ್ಟದೆನಿಸಿತು. ಏನೋ ತಾತ್ಕಾಲಿಕ ಇರಬೇಕು ಎಂದು ಬರೆದು ಮುಂದೆ ಸಾಗಿದೆವು.

ನಾಲ್ಕನೇ ಬುಧವಾರ ಹದಿನಾಲ್ಕು ಹಳದಿ, ಒಂಬತ್ತು ಕಡು ಹಸಿರು. ಒಂಬತ್ತನೆಯವಳನ್ನು ಕರೆಸಿ ಮತ್ತೆ ನೋಡಿದರೆ ಅವಳೂ ಸ್ವಚ್ಛ.

ಅಂದಿನ ಕರೆಯಲ್ಲಿ ಹಿರಿಯ ಸಂಶೋಧಕಿ ತಮ್ಮ ಎಂದಿನ ಸಮಾಧಾನದ ದನಿಯಲ್ಲೇ, ನಿಮ್ಮ ಲ್ಯಾಬಿನಲ್ಲಿ ಏನೋ ಬೆರಕೆಯಾಗುತ್ತಿರಬೇಕು ಎಂದರು. ಕಡಲೆ ಹಿಟ್ಟಿನಲ್ಲಿ ಪ್ರೋಟೀನು ಇರುತ್ತದಲ್ಲವೇ, ಅದು ಡಬ್ಬಿಗೆ ಬಿದ್ದಿದ್ದರೆ? ನನಗೆ ಮೈಯೆಲ್ಲ ಖಾರ ಹಚ್ಚಿದ ಹಾಗಾಯಿತು. ಆದರೂ ಕೇಳಿದ್ದು ಸರಿಯಾದ ಪ್ರಶ್ನೆಯೇ. ಅಂದು ಮಧ್ಯಾಹ್ನವೇ ಸ್ವಚ್ಛ ಮೂತ್ರಕ್ಕೆ ಚಿಟಿಕೆ ಹಿಟ್ಟು ಹಾಕಿ ಪಟ್ಟಿ ಅದ್ದಿದೆ, ಹಳದಿ. ಎರಡು ಚಿಟಿಕೆ, ಹಳದಿ. ಮೇಲಾಗಿ ಬೆಳಗಿನ ಡಬ್ಬಿಯೂ ಹಸಿರಾಗಿತ್ತು, ಬೆಳಿಗ್ಗೆ ಯಾರೂ ಹಿಟ್ಟು ಮುಟ್ಟುವುದಿಲ್ಲ. ಹಿಟ್ಟು ನಿರಪರಾಧಿ, ನನ್ನ ಕೈಯೂ ನಿರಪರಾಧಿ. ಹಾಗಿದ್ದರೆ ಆ ಡಬ್ಬಿಯೊಳಗಿನದು ಯಾರದೋ ಒಬ್ಬರ ಮೂತ್ರವೇ. ಯಾರದು?

ಎಲ್ಲ ವಹಿಗಳನ್ನೂ ನೆಲದ ಮೇಲೆ ಹರಡಿಕೊಂಡು ಕೂತೆ. ತೂಕದ ವಹಿಯಲ್ಲಿ ಮೂರನೇ ಬುಧವಾರದ ಹದಿನಾಲ್ಕನೇ ಮನೆ ಖಾಲಿಯಿತ್ತು. ತಡವಾಗಿ ಬಂದು ತಪ್ಪಿಸಿಕೊಂಡಿರಬೇಕು ಎಂದುಕೊಂಡು ಬಿಟ್ಟಿದ್ದೆ. ಈಗ ಹೊಳೆಯಿತು. ಅವಳು ತಡವಾಗಿ ಬಂದಿದ್ದಲ್ಲ, ಅಂದು ಬಂದೇ ಇರಲಿಲ್ಲ. ಬಾರದವಳ ಡಬ್ಬಿ ಎರಡು ಹೊತ್ತೂ ತುಂಬಿ ಬಂದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ, ನನಗೆ ಮಾತ್ರ ಎರಡು ವಾರ ಬೇಕಾಯಿತು.

ಮರುದಿನ ಹೊಲಕ್ಕೆ ಹೋಗಿ ಮುಂದಾಳನ್ನು ಜಾಲಿ ಗಿಡದ ನೆರಳಿಗೆ ಕರೆದೆ. ಬೈಯಬೇಕೆಂದೇ ಹೋಗಿದ್ದೆ, ಬೈಯುವುದನ್ನೂ ಶುರು ಮಾಡಿದ್ದೆ. ಆಕೆ ನಿಧಾನವಾಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀವ ಅಂದಿದ್ರಲ್ರಿ, ಒಂದ ಡಬ್ಬಿನೂ ಖಾಲಿ ಬರಬಾರ್ದಂತ."

"ಹಂಗಂತ ಬ್ಯಾರೇದವರದು ತುಂಬಿ ಕೊಡೋದಾ?"

"ಮತ್ತೇನ್ ಮಾಡೂಣ್ರಿ? ಹದಿನಾಕನೇದಾಕಿ ಅವತ್ತು ಕೂಸಿಗೆ ಜ್ವರ ಅಂತ ದವಾಖಾನಿಗೆ ಹೋಗಿದ್ಲು. ಒಂಬತ್ತನೇದಾಕಿ ಹೊರಗಾಗಿದ್ಲು, ಹೆಂಗ ಕೊಡ್ತಾಳ ಹೇಳ್ರಿ? ಅಲ್ಲಿ ನೋಡ್ರಿ, ಆ ಕಲ್ಲು."

ಆಕೆ ತೋರಿಸಿದ ಕಡೆ ನೋಡಿದೆ. ಒಂದು ಸಾಲಿನ ತಲೆಯಲ್ಲಿ, ಬದುವಿನ ಮೇಲೆ, ಮುಷ್ಟಿ ಗಾತ್ರದ ಕಲ್ಲೊಂದಿತ್ತು. ಅಂದು ಯಾರೋ ಒಬ್ಬಳು ಬಂದಿರಲಿಲ್ಲ. ಬಾರದವಳ ಸಾಲಿನ ತಲೆಗೆ ಕಲ್ಲಿಡುತ್ತಾರೆ. ಆಚೀಚೆಯವರು ತಮ್ಮ ಸಾಲಿನ ಜೊತೆ ಅದನ್ನೂ ಬಿಡಿಸಿ ಮುಗಿಸುತ್ತಾರೆ. ಸಂಜೆ ಹೊಲದ ಮಾಲೀಕರ ಹಾಜರಿ ಪುಸ್ತಕದಲ್ಲಿ ಅವಳ ಹೆಸರೂ ನಿಲ್ಲುತ್ತದೆ. ಕೆಲಸ ಪೂರಾ ಆದ ಮೇಲೆ ಹೊಲದವರೂ ತಕರಾರು ಮಾಡುವುದಿಲ್ಲ. ನಾಲ್ಕು ವಾರದಿಂದ ಆ ಕಲ್ಲುಗಳನ್ನು ದಾಟಿಕೊಂಡು ಓಡಾಡಿದ್ದೆ, ಒಮ್ಮೆಯೂ ಇದೇನೆಂದು ಕೇಳಿರಲಿಲ್ಲ.

"ಸರಿ, ಆತು. ಆ ಡಬ್ಬಿ ತುಂಬಿದಾಕಿ ಯಾರು, ಅಷ್ಟು ಹೇಳು ಅಕ್ಕಾ. ಆಕೀಗೆ ಭಾಳ ತ್ರಾಸ ಐತಿ. ಆಕೀಗೇ ಗೊತ್ತಿಲ್ಲ."

ಮುಂದಾಳಿನ ಮುಖ ಸಣ್ಣದಾಯಿತು. ಆದರೆ ತಲೆ ಅಡ್ಡಡ್ಡ ಆಡಿಸಿದಳು.

"ಅದೊಂದು ಕೇಳಬ್ಯಾಡ್ರಿ. ಯಾರ ಸಾಲು ಯಾರು ಹಿಡದ್ರು ಅಂತ ನಮ್ಮೊಳಗ ಯಾವತ್ತೂ ಬಾಯಿ ಬಿಡಂಗಿಲ್ಲ. ಹೇಳಿದ್ರ ಅದು ಉಪಕಾರ ಆಗತೈತಿ. ಉಪಕಾರ ಆತಂದ್ರ ನಾಳಿ ಯಾರೂ ಕಲ್ಲು ಇಡಂಗಿಲ್ಲ, ನಾಚಿಕಿ ಪಡ್ತಾರ."

 ಬೈಯಲು ಹೋಗಿದ್ದವಳು ಎದ್ದು ಬಂದೆ. ಶಹಾಪುರದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ ನಿಜವಾಗಿಯೂ ಹೆದರಿಕೆಯಾಯಿತು. ನಾಲ್ಕು ವಾರದ ಮಾದರಿಗಳಲ್ಲಿ ಯಾವುದು ಯಾರದು ಎಂದು ದೇವರೇ ಹೇಳಬೇಕು. ಅದಕ್ಕಿಂತ ಹೆಚ್ಚಾಗಿ, ಆ ಹೊಲದಲ್ಲಿ ಒಬ್ಬ ಹೆಂಗಸು ದಿನಾ ಬಿಸಿಲಿನಲ್ಲಿ ತನ್ನ ಮೂತ್ರಪಿಂಡವನ್ನು ಕಳೆದುಕೊಳ್ಳುತ್ತಿದ್ದಳು, ಅವಳು ಯಾರೆಂದು ನನಗೆ ಗೊತ್ತಿರಲಿಲ್ಲ.

ಎರಡು ದಾರಿಗಳಿದ್ದವು. ಆ ಎರಡು ಡಬ್ಬಿಗಳನ್ನು ಲ್ಯಾಬಿನ ದೋಷ ಎಂದು ಬರೆದು ತಪ್ಪನ್ನು ನನ್ನ ಮೇಲೆ ಹಾಕಿಕೊಂಡರೆ ಉಳಿದದ್ದೆಲ್ಲ ನೆಟ್ಟಗೆ ನಡೆಯುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ಇನ್ನೊಂದು, ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ನಮ್ಮ ವೈದ್ಯಕೀಯ ಕಾಲೇಜಿನ ಕಡೆಯಿಂದ ಅಧ್ಯಯನ ನೋಡಿಕೊಳ್ಳುತ್ತಿದ್ದ ಮುಖ್ಯ ಡಾಕ್ಟರಿಗೆ ಫೋನು ಮಾಡಿದೆ. ಅವರು, "ನೀವ ಹೇಳ್ರಿ. ಕಣ್ಣಾರೆ ನೋಡಿದವರು ನೀವು. ನಾ ಹೇಳಿದ್ರ ಅದು ಸಮಜಾಯಿಷಿ ಅನಿಸತೈತಿ" ಎಂದರು.

ಹೇಳಿದೆ. ವಿಡಿಯೋ ಕರೆಯಲ್ಲಿ ಕಲ್ಲಿನ ವಿಷಯ, ಸಾಲಿನ ವಿಷಯ, ನಾನು ಮೊದಲ ದಿನ ಕೂಗಿ ಹೇಳಿದ ಮಾತು, ಏನನ್ನೂ ಬಿಡಲಿಲ್ಲ.  ಹಿರಿಯ ಸಂಶೋಧಕಿ, ನಾಲ್ಕು ವಾರದ್ದನ್ನೂ ತೆಗೆದುಹಾಕಬೇಕಾಗುತ್ತದೆ, ಈ ಗುಂಪನ್ನೇ ಕೈಬಿಟ್ಟು ಕೊಂಕಲ್ ಗುಂಪಿನ ಮೇಲೆ ಗಮನ ಕೊಡುವುದು ಒಳ್ಳೆಯದು ಎಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಾದರಿ ಹೋದದ್ದಕ್ಕೆ ನಾನು ಅಳುವವಳಲ್ಲ. ಆದರೆ ಗುಂಪನ್ನು ಬಿಟ್ಟರೆ ಆ ಹೆಂಗಸು ನನಗೆ ಮತ್ತೆ ಸಿಗುವುದಿಲ್ಲ.

"ನನಗೆ ಒಂದು ವಾರ ಕೊಡಿ" ಎಂದೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ, ಆದರೆ ಆ ಮಾತನ್ನು ಮೂರು ಸಲ ಹೇಳಿದ್ದರಿಂದ ಅವರಿಗೆ ಅರ್ಥವಾಯಿತು. ಕೊಟ್ಟರು.

ಆ ವಾರ ಇಪ್ಪತ್ನಾಲ್ಕು ಮಂದಿಯನ್ನೂ ಹೊಸದಾಗಿ ಪರೀಕ್ಷಿಸಿದೆ. ಯಾರು ತುಂಬಿದ್ದರು ಎಂದು ಒಬ್ಬರನ್ನೂ ಕೇಳಲಿಲ್ಲ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ತಕ್ಕಡಿಯ ಮೇಲೆ ನಿಲ್ಲಿಸಿ, ಡಬ್ಬಿಯನ್ನು ಕೈಗೆ ಕೊಟ್ಟು ಕೈಯಿಂದಲೇ ವಾಪಸು ತೆಗೆದುಕೊಂಡೆ. ಇವತ್ತಲ್ಲ ಎಂದವಳಿಗೆ ಇನ್ನೊಂದು ದಿನ ಕೊಟ್ಟೆ. ಇವರೊಳಗೇ ಒಬ್ಬಳು, ಎಲ್ಲಿಗೆ ಹೋಗುತ್ತಾಳೆ ಎಂದು ನನಗೆ ಪಕ್ಕಾ ಧೈರ್ಯವಿತ್ತು. ಶುಕ್ರವಾರದ ಹೊತ್ತಿಗೆ ಇಪ್ಪತ್ನಾಲ್ಕೂ ಮುಗಿದವು. ಇಪ್ಪತ್ನಾಲ್ಕೂ ಹಳದಿ.

ಕೊನೆಯ ಪಟ್ಟಿಯನ್ನು ಎರಡು ನಿಮಿಷ ಬೆಳಕಿಗೆ ಹಿಡಿದುಕೊಂಡೇ ನಿಂತಿದ್ದೆ. ಆಗ ಹೆಂಗಸರು ರೊಟ್ಟಿಗೆ ಏಳುತ್ತಿದ್ದರು. ಅವರ ರೊಟ್ಟಿ ಗಂಟುಗಳೆಲ್ಲ ಇರುವೆ ಹತ್ತದಂತೆ ಜಾಲಿ ಗಿಡದ ಟೊಂಗೆಗೆ ತೂಗಾಡುತ್ತಿದ್ದವು. ಟ್ರೇ ಎಣಿಸಿ ಎಣಿಸಿ ನನಗೆ ಕಂಡದ್ದನ್ನೆಲ್ಲ ಎಣಿಸುವ ಚಟ ಹತ್ತಿತ್ತು. ಗಂಟುಗಳನ್ನೂ ಎಣಿಸಿದೆ. ಇಪ್ಪತ್ತೈದು.

ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ ನಾನು. ದೊಡ್ಡಕ್ಕ ಕೊನೆಯ ಗಂಟನ್ನು ಇಳಿಸಿಕೊಂಡು, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೂತಳು. ಗುಂಪಿನಲ್ಲಿ ಸ್ವಂತ ಡಬ್ಬಿಯಿಲ್ಲದವಳು ಆಕೆಯೊಬ್ಬಳೇ. ಯಾರಾದರೂ ತಪ್ಪಿದಾಗ ತುಂಬಿಕೊಡಲು ಆಕೆಗಿಂತ ಅನುಕೂಲದವರು ಇನ್ಯಾರಿದ್ದರು? ನಿಜ ಹೇಳಿದ್ದಕ್ಕೆ ಆಕೆಯನ್ನು ನಾನೇ ಹೊರಗೆ ನಿಲ್ಲಿಸಿದ್ದೆ. ಹೊರಗೆ ನಿಂತವಳನ್ನು ಗುಂಪಿನವರು ತಮ್ಮ ರೀತಿಯಲ್ಲಿ ಒಳಗೆ ಕರೆದುಕೊಂಡಿದ್ದರು.

ಎಲ್ಲರೂ ಕೈ ತೊಳೆದ ಮೇಲೆ ಹೋಗಿ ಆಕೆಯ ಪಕ್ಕ ಕೂತೆ. ಆಕೆ ಅರ್ಧ ರೊಟ್ಟಿ ಮುರಿದು, ಮೇಲೆ ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ, ಹಾಕಿ ಕೊಟ್ಟಳು. ತಿಂದೆ.

"ದೊಡ್ಡಕ್ಕಾ, ನಿಮಗೂ ಒಂದು ಡಬ್ಬಿ ಕೊಡ್ತೀನಿ."

"ನನಗ್ಯಾಕ್ರಿ ಈಗ? ಅವತ್ತು ಬ್ಯಾಡ ಅಂದಿದ್ರಿ."

"ಅವತ್ತು ನಂದು ತಪ್ಪಾತು."

ಆಕೆ ನನ್ನನ್ನು ಒಮ್ಮೆ ನೋಡಿ ಮತ್ತೆ ರೊಟ್ಟಿಯ ಕಡೆ ತಿರುಗಿದಳು. "ನಾ ರೋಗಿಷ್ಟಿ, ನಂದು ಕೆಟ್ಟಿದ್ದು ಅಂತ ಬಿಟ್ಟ್ರಿ. ಎಲ್ಲಾರೂ ಸಾಲು ಹಿಡದು ನಿಂತಾಗ ನಾ ಒಬ್ಬಾಕಿ ದೂರ ನಿಂತಿದ್ದೆ. ಆಮ್ಯಾಲ ಇವರು…" ಎಂದವಳು ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಳು. ಮುಂದಾಳು ಎದುರಿಗೇ ಕೂತಿದ್ದಳು. ಅವಳು ನೆಲ ನೋಡುತ್ತ, "ಹೋಗು ದೊಡ್ಡಕ್ಕಾ, ಕೊಟ್ಟು ಬಾ. ಮೇಡಂ ಕೇಳಾಕತ್ತಾರ" ಎಂದಳು.

ಅಧ್ಯಯನಕ್ಕೆ ಸೇರದವರ ಮಾದರಿಯನ್ನು ಅಧ್ಯಯನದ ವಹಿಯಲ್ಲಿ ಬರೆಯುವಂತಿಲ್ಲ. ಆದ್ದರಿಂದ ನಾನು ಬರೆಯಲಿಲ್ಲ. ಪರಿಚಯದವಳೊಬ್ಬಳು ಪರಿಚಯದವಳಿಗೆ ಪಟ್ಟಿ ಅದ್ದಿ ನೋಡುವಂತೆ ನೋಡಿದೆ. ಅದ್ದಿ ಅರವತ್ತು ಎಣಿಸಬೇಕು. ಇಪ್ಪತ್ತು ಎಣಿಸುವಷ್ಟರಲ್ಲೇ ಪಟ್ಟಿ ಜಾಲಿ ಎಲೆಯ ಬಣ್ಣಕ್ಕೆ ತಿರುಗಿತು. ಬಿ.ಪಿ. ಪಟ್ಟಿ ಕಟ್ಟಿದರೆ ಮೇಲಿನ ಅಂಕಿ ಇನ್ನೂರರ ಹತ್ತಿರ. ಗುಳಿಗೆ ತಗೊಳ್ಳುತ್ತೀರಲ್ಲ ಎಂದು ಕೇಳಿದೆ. ತಲೆ ತಿರುಗಿದ ದಿನ ತಗೊಳ್ಳುತ್ತೇನೆ, ಚೆನ್ನಾಗಿದ್ದ ದಿನ ಯಾಕೆ ದಂಡ ಎಂದಳು. ಎಲೆಅಡಿಕೆಯ ಸಂಚಿ ಬಿಚ್ಚಿ ತೋರಿಸಿದಾಗ ಅದರೊಳಗೆ ಬಿ.ಪಿ. ಗುಳಿಗೆಗಿಂತ ಮೊಣಕಾಲು ನೋವಿನ ಗುಳಿಗೆಗಳೇ ಹೆಚ್ಚಿದ್ದವು. ದಿನಕ್ಕೆ ಎರಡು, ಕೆಲಸ ಜಾಸ್ತಿಯಿದ್ದ ದಿನ ಮೂರು. ನೀರಿಲ್ಲದ ಮೈಯಲ್ಲಿ ಆ ನೋವಿನ ಗುಳಿಗೆ ಮೂತ್ರಪಿಂಡಕ್ಕೆ ನೇರ ವಿಷ.

ಇಷ್ಟನ್ನೂ ತಿಳಿಸಿ ಹೇಳಿದೆ, ಈ ಸಲ ದನಿ ಏರಿಸದೆ. ಆಸ್ಪತ್ರೆ ಎಂದೊಡನೆ ಆಕೆ ಎದ್ದು ನಿಂತಳು.

"ಹೆಂಗ ಹೋಗಲ್ರಿ? ಸುಗ್ಗಿ ನಡದೈತಿ. ಹತ್ತು ದಿನ ಬಿಟ್ರ ಹೊಲದವರು ಬ್ಯಾರೇದಾಕೀನ ತರ್ತಾರ. ಒಮ್ಮಿ ಗುಂಪು ಬಿಟ್ಟಾಕಿ ಮತ್ತ ಸೇರೂದು ಕಷ್ಟ ಐತಿ."

 ಇದಕ್ಕೆ ದಾರಿ ಮಾಡಿದ್ದು ಮುಂದಾಳು. ಅವಳು ಎದ್ದು ಹೋಗಿ ಬದುವಿನಿಂದ ಒಂದು ಕಲ್ಲು ಆರಿಸಿ, ದೊಡ್ಡಕ್ಕ ಅಂದು ಬಿಡಿಸುತ್ತಿದ್ದ ಸಾಲಿನ ತಲೆಗೆ ಇಟ್ಟು ಬಂದಳು.

"ಹೋಗು. ಹತ್ತಲ್ಲ, ಇಪ್ಪತ್ತು ದಿನ ಆಗಲಿ."

ಮರುದಿನ ಬೆಳಿಗ್ಗೆ ದೊಡ್ಡಕ್ಕನನ್ನು ಕಲಬುರಗಿಯ ಬಸ್ಸು ಹತ್ತಿಸಿಕೊಂಡು ನಾನೇ ಹೊರಟೆ. ಕಿಟಕಿಯ ಕಡೆ ಕೂಡಿಸಿದ್ದೆ. ದಾರಿಯುದ್ದಕ್ಕೂ ಹತ್ತತ್ತು ನಿಮಿಷಕ್ಕೆ ನೀರಿನ ಬಾಟಲಿ ಮುಂದೆ ಹಿಡಿದು ಕುಡಿಯಿರಿ ಕುಡಿಯಿರಿ ಎಂದು ಜೀವ ತಿಂದೆ. ಆಸ್ಪತ್ರೆಯಲ್ಲಿ ನೋಡಿದಾಗ, ಮೂತ್ರಪಿಂಡ ಸೋತಷ್ಟೂ ಏರುವ ರಕ್ತದ ಕ್ರಿಯಾಟಿನಿನ್ ಹೆಚ್ಚಾಗಿತ್ತು. ಅಲ್ಲಿನ ಡಾಕ್ಟರು ವರದಿ ನೋಡಿ, "ಒಂದು ವರ್ಷ ಹಿಂಗ ಬಿಟ್ಟಿದ್ರ ರಕ್ತ ಶುದ್ಧಿ ಮಾಡೋ ಮಷೀನಿಗೆ ಹಚ್ಚಬೇಕಾಗತಿತ್ತು. ಈಗ ಉಳಿಸಿಕೊಳ್ಳಬಹುದು" ಎಂದರು. ನಾನು ಆ ಡಾಕ್ಟರಿಗೆ ಎರಡೆರಡು ಸಲ ಕೈಮುಗಿದೆ. ನೋವಿನ ಗುಳಿಗೆ ಬಂದ್. ಬಿ.ಪಿ. ಗುಳಿಗೆ ದಿನಾ. ನೀರು ಲೆಕ್ಕಹಾಕಿ, ಉಪ್ಪು ಕಡಿಮೆ.

ಮುಂದಿನ ಕರೆಯಲ್ಲಿ ಹಿರಿಯ ಸಂಶೋಧಕಿಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಯಾರಿಗಾಗಿ ನಾವು ಅಷ್ಟು ದೂರದಿಂದ ಬಂದೆವೋ ಅವಳನ್ನೇ ನಮ್ಮ ನಿಯಮ ಬಾಗಿಲಲ್ಲಿ ತಡೆದಿದೆ ಎಂದರು. ಆಮೇಲೆ ಗುಂಪನ್ನು ಬಿಡುವ ಮಾತೇ ಬರಲಿಲ್ಲ. ನಾಲ್ಕು ವಾರದ ಮಾದರಿಗಳು ಹೋದವು, ಅದಕ್ಕೆ ತಕರಾರಿಲ್ಲ. ಕಾಯಿಲೆ ಇದ್ದವರನ್ನೂ ಸೇರಿಸಿಕೊಂಡು ಬೇರೆ ವಹಿಯಲ್ಲಿ ನೋಡಬೇಕು ಎಂದು ಹೊಸ ನಿಯಮ ಬರೆದು ನೈತಿಕ ಸಮಿತಿಯ ಒಪ್ಪಿಗೆಗೆ ಕಳಿಸಿದೆವು. ಒಪ್ಪಿಗೆ ಬರಲು ಮೂರು ವಾರ ಹಿಡಿಯಿತು.

ಖಾಲಿ ಡಬ್ಬಿಯ ಪ್ರಶ್ನೆ ಹಾಗೇ ಉಳಿದಿತ್ತು. ಬಾರದವರ ಡಬ್ಬಿ ಖಾಲಿ ಬರಲಿ, ಪರವಾಗಿಲ್ಲ ಎಂದು ನಾನು ಎಷ್ಟು ಹೇಳಿದರೂ ಹೆಂಗಸರಿಗೆ ಅದು ಒಗ್ಗಲಿಲ್ಲ. ಖಾಲಿ ಬಿಟ್ಟರೆ ಅವಳನ್ನು ಕೈಬಿಟ್ಟ ಹಾಗಲ್ಲವೇ ಎಂಬುದು ಅವರ ಮಾತು. ಇದಕ್ಕೂ ದಾರಿ ಹೇಳಿದ್ದು ಮುಂದಾಳೇ: "ಟ್ರೇದಾಗ ಆಕಿ ಡಬ್ಬಿ ಇಡೂ ತೂತಿನ್ಯಾಗ ಒಂದು ಸಣ್ಣ ಕಲ್ಲು ಇಡೂಣ್ರಿ. ಅಂದ್ರ ಆಕಿ ಇದ್ದಂಗನೂ ಆತು, ಇಲ್ಲದಂಗನೂ ಆತು." ಕಾರ್ಯವಿಧಾನದ ಮೂರನೇ ಆವೃತ್ತಿಯಲ್ಲಿ ಕಡಲೆ ಹಿಟ್ಟಿನ ಕೆಳಗೆ ಒಂದು ಹೊಸ ಸಾಲು ಸೇರಿತು: ಗೈರುಹಾಜರಾದವರ ಸ್ಥಾನದಲ್ಲಿ ಕಲ್ಲು. ಕೊಂಕಲ್ ಗುಂಪಿನವರೂ ಅದನ್ನೇ ಅನುಸರಿಸಿದರು.

ಒಪ್ಪಿಗೆ ಬಂದ ಮೇಲಿನ ಬುಧವಾರ, ಕೊನೆಯ ಬಿಡಿಸುವಿಕೆ ನಡೆದಿತ್ತು. ದೊಡ್ಡಕ್ಕ ಹಿಂದಿನ ವಾರವೇ ಕೆಲಸಕ್ಕೆ ಮರಳಿದ್ದಳು. ಅಲ್ಲಿಯವರೆಗೆ ದಿನಾ ಒಂದು ಸಾಲಿನ ತಲೆಗೆ ಆಕೆಯ ಕಲ್ಲು ಇತ್ತು, ದಿನಾ ಆ ಸಾಲು ಮುಗಿದಿತ್ತು, ಹಾಜರಿಯಲ್ಲಿ ಹೆಸರಿತ್ತು. ಯಾರು ಬಿಡಿಸಿದರು ಎಂದು ಆಕೆ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಇಪ್ಪತ್ತೈದು ಎಂದು ಬರೆದ ಡಬ್ಬಿಯನ್ನು ಟ್ರೇಯ ಕೊನೆಗೆ ಇಟ್ಟಿದ್ದೆ. ತನ್ನ ಪಾಳಿ ಬಂದಾಗ ಆಕೆ ಅದನ್ನು ತೆಗೆದುಕೊಂಡು, ನಂಬರನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಮೊಣಕಾಲು ಹಿಡಿದು ಎದ್ದಳು. ಮುಂದಾಳಿಗೆ ಛೇಡಿಸದಿದ್ದರೆ ಉಂಡದ್ದು ಅರಗುವುದಿಲ್ಲ.

"ಕುಂದ್ರು ದೊಡ್ಡಕ್ಕಾ, ಕಾಲು ನೋಯಿಸಿಕೋಬ್ಯಾಡ. ತಾ ಇಲ್ಲಿ, ನಾನ ತುಂಬಿಕೊಂಡು ಬರ್ತೀನಿ."

ಎಲ್ಲರೂ ನಕ್ಕರು. ದೊಡ್ಡಕ್ಕ ತಾಡಪತ್ರಿಯ ಮರೆ ಎತ್ತಿ ಹಿಡಿದು ತಿರುಗಿ ನೋಡಿದಳು.

"ಸಾಲು ಬೇಕಾದ್ರ ಹಿಡಿಯವ್ವ, ಜೀವ ಇರೂತನ ಹಿಡಿ. ಈ ಡಬ್ಬಿ ಮಾತ್ರ ಯಾರ ಕೈಯಾಗೂ ಕೊಡಂಗಿಲ್ಲ. ಇದು ನಂದು."